ರೋಲ್‌ಪ್ಲೇ ಶುರುವಾದರೆ ಎಲ್ಲರೂ ನ್ಯಾಯಾಧೀಶರೇ! ತಡೆಯೋದು ಹೇಗೆ?

ಪ್ರಶ್ನೆ: 24 ಟೀಮ್ ಲೀಡರ್‌ಗಳಿಗೆ ಒಂದು ದಿನದ ಮಧ್ಯಸ್ಥಿಕೆ ತರಬೇತಿ. ಪಾತ್ರ ವಹಿಸಿ ಮಾಡುವ ಅಭ್ಯಾಸದಲ್ಲಿ (ರೋಲ್‌ಪ್ಲೇ) ಮಧ್ಯಸ್ಥರಾದವರು ಐದೇ ನಿಮಿಷಕ್ಕೆ "ನೀವು ಹೀಗೆ ಮಾಡಿ" ಅಂತ ತೀರ್ಪು ಕೊಟ್ಟುಬಿಡ್ತಾರೆ. ಏನು ಬದಲಿಸಬೇಕು?

ಉತ್ತರ 1: ತಪ್ಪು ಹೆಚ್ಚಾಗಿ ಅಭ್ಯಾಸಕ್ಕೆ ಕೊಡುವ ಜಗಳದ ಪ್ರಸಂಗದ್ದೇ. ಕೆದಕಿ ತೆಗೆಯೋಕೆ ಒಳಗೇನೂ ಇಲ್ಲದಿದ್ದರೆ ತೀರ್ಪು ಬಿಟ್ಟು ಬೇರೇನು ಬರುತ್ತೆ? ಇಬ್ಬರು ಕಕ್ಷಿದಾರರಿಗೂ ಬೇರೆ ಬೇರೆ ಗುಟ್ಟಿನ ಚೀಟಿ ಕೊಡಿ. ಬಾಯಲ್ಲಿ "ರಾತ್ರಿ ಪಾಳಿ ಬೇಡ", ಚೀಟಿಯಲ್ಲಿ "ಬೆಳಿಗ್ಗೆ ಎಂಟಕ್ಕೆ ಮಗುವನ್ನು ಶಾಲೆಗೆ ಬಿಡಬೇಕು". ಸರಿಯಾದ ಪ್ರಶ್ನೆ ಕೇಳಿದರೆ ಮಾತ್ರ ಅದು ಹೊರಬರಬೇಕು. ನಾಲ್ವರ ಆರು ಗುಂಪು ಮಾಡಿ: ಇಬ್ಬರು ಕಕ್ಷಿದಾರರು, ಒಬ್ಬ ಮಧ್ಯಸ್ಥ, ಒಬ್ಬ ವೀಕ್ಷಕ. ಮೊದಲ 15 ನಿಮಿಷ ಪರಿಹಾರದ ಮಾತು ನಿಷಿದ್ಧ. ಮಧ್ಯಸ್ಥ ಕೇಳಬಹುದು, ಕೇಳಿದ್ದನ್ನು ತಿರುಗಿ ಹೇಳಬಹುದು, ಅಷ್ಟೇ. ಸಲಹೆ ಬಾಯಿಂದ ಬಂದಾಗಲೆಲ್ಲ ವೀಕ್ಷಕ ಗೀಟು ಹಾಕಲಿ.

ಉತ್ತರ 2: ಮಧ್ಯಸ್ಥ ಒಬ್ಬೊಬ್ಬ ಕಕ್ಷಿದಾರರ ಜೊತೆ ಬೇರೆಯಾಗಿ ಕೂತು ನಡೆಸುವ ಪ್ರತ್ಯೇಕ ಮಾತುಕತೆಯನ್ನೂ ಅಭ್ಯಾಸ ಮಾಡಿಸಿ. ಎದ್ದು ಬರುವ ಮುಂಚೆ "ಇದರಲ್ಲಿ ಯಾವುದನ್ನು ಆ ಕಡೆಯವರಿಗೆ ಹೇಳಬಹುದು?" ಅಂತ ಕೇಳಲೇಬೇಕು. ಇದನ್ನು ಮರೆತರೆ ನಂಬಿಕೆ ಅಲ್ಲೇ ಹೋಯಿತು.

ಉತ್ತರ 3: ಗಡಿಯನ್ನೂ ಕಲಿಸಿ, ದಯವಿಟ್ಟು. ಲೈಂಗಿಕ ಕಿರುಕುಳದ ದೂರನ್ನು ಟೀಮ್ ಲೀಡರ್ ರಾಜಿ ಮಾಡಿಸುವಂತಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಅದು ಇಂಥ ದೂರುಗಳಿಗೆಂದೇ ಇರುವ ಸಮಿತಿಯ ಕೆಲಸ. ಅಲ್ಲೂ ದೂರುದಾರೆಯೇ ಕೋರಿದರೆ ಮಾತ್ರ, ವಿಚಾರಣೆಗೆ ಮುಂಚೆ ಮಾತ್ರ ಸಂಧಾನ. ಹಣ ಅದಕ್ಕೆ ಆಧಾರವಾಗುವಂತಿಲ್ಲ.