ಪದಚರ್ಚೆ: ‘ಸ್ಟೂವರ್ಡ್‌ಶಿಪ್’ ಎಂಬುದಕ್ಕೆ ‘ಮೇಲ್ವಿಚಾರಣೆ’ ಸರಿಯೇ?

ಮಾನ್ಯರೆ,

ಕಂಪನಿಯೊಂದರ ನಿರ್ದೇಶಕ ಮಂಡಳಿಯ ನೀತಿಸಂಹಿತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಒಂದು ಅಧ್ಯಾಯ ಮೂಲನಿವಾಸಿ ಸಮುದಾಯಗಳ ಮೌಲ್ಯಗಳನ್ನೂ ‘ಲಾಂಗ್‌ಟರ್ಮ್ ಸ್ಟೂವರ್ಡ್‌ಶಿಪ್’ ಎಂಬುದನ್ನೂ ಕುರಿತದ್ದು. ‘ದೀರ್ಘಕಾಲೀನ ಮೇಲ್ವಿಚಾರಣೆ’ ಎಂದು ಬರೆದಿದ್ದೇನಾದರೂ ಮನಸ್ಸು ಒಪ್ಪುತ್ತಿಲ್ಲ. ‘ಪಾಲನಾಹೊಣೆ’ ಎಂದರೆ ಅರಿಸಮಾಸವೆಂದು, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಸಲ್ಲದ ಸಮಾಸವೆಂದು, ಮಿತ್ರರೊಬ್ಬರು ತಳ್ಳಿಹಾಕಿದರು. ಬಲ್ಲವರು ತಿಳಿಸಬೇಕು.

*

ಮಾನ್ಯರೆ,

ನಿಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿದೆ. ಬ್ರಿಟನ್ನಿನಲ್ಲಿ 2010ರಲ್ಲಿ ಬಂದ ಸ್ಟೂವರ್ಡ್‌ಶಿಪ್ ಸಂಹಿತೆಯು ಹೂಡಿಕೆ ಸಂಸ್ಥೆಗಳು ತಾವು ಹಣ ತೊಡಗಿಸಿದ ಕಂಪನಿಗಳ ಮೇಲೆ ಇಡಬೇಕಾದ ನಿಗಾವನ್ನು ಕುರಿತದ್ದು. ಅಲ್ಲಿ ‘ಮೇಲ್ವಿಚಾರಣೆ’ ನಡೆದೀತು. ನಿಮ್ಮ ಅಧ್ಯಾಯದ ಅರ್ಥ ಬೇರೆ, ಅದು ನೆಲ, ನೀರುಗಳನ್ನು ಮುಂದಿನವರಿಗಾಗಿ ಕಾಯುವುದು. ನ್ಯೂಜಿಲೆಂಡಿನ ಮಾವೊರಿ ಜನ ಅದನ್ನು ‘ಕೈತಿಯಾಕಿತಾಂಗ’ ಎನ್ನುತ್ತಾರೆ. ‘ತಿಯಾಕಿ’ ಎಂದರೆ ಕಾಯು, ‘ಕೈತಿಯಾಕಿ’ ಎಂದರೆ ಕಾಯುವವರು. ಆ ದೇಶದ 1991ರ ಸಂಪನ್ಮೂಲ ನಿರ್ವಹಣಾ ಕಾಯಿದೆ ಈ ಪದವನ್ನು ಅನುವಾದಿಸದೆ ಹಾಗೆಯೇ ಇಟ್ಟುಕೊಂಡು ಅರ್ಥ ವಿವರಿಸಿತು. 2017ರಲ್ಲಿ ಅಲ್ಲಿನ ವಾಂಗನೂಯಿ ನದಿಗೆ ಕಾನೂನಿನ ದೃಷ್ಟಿಯಲ್ಲಿ ವ್ಯಕ್ತಿಯ ಸ್ಥಾನ ದೊರೆತಾಗ ಅದರ ಪರವಾಗಿ ಮಾತನಾಡಲು ಇಬ್ಬರನ್ನು ನೇಮಿಸುವ ಏರ್ಪಾಡಾಯಿತು. ಒಬ್ಬರನ್ನು ಸೂಚಿಸುವವರು ನದಿಯ ಜನ, ಇನ್ನೊಬ್ಬರನ್ನು ಸೂಚಿಸುವುದು ಸರ್ಕಾರ. ‘ನಾನೇ ನದಿ, ನದಿಯೇ ನಾನು’ ಎನ್ನುವ ಆ ಜನರಿಗೆ ನದಿಯ ಮೇಲೆ ನಿಂತು ವಿಚಾರಿಸುವ ಪ್ರಶ್ನೆಯೇ ಏಳುವುದಿಲ್ಲ. ಆದ್ದರಿಂದ ‘ಮೇಲ್ವಿಚಾರಣೆ’ಯ ‘ಮೇಲ್’ ಎಂಬುದೇ ಇಲ್ಲಿ ತಪ್ಪು.

ನಮ್ಮ ‘ಕಾಯ್’ ಧಾತುವಿಗೆ ರಕ್ಷಿಸು ಎಂಬ ಅರ್ಥವೂ ಉಂಟು, ಎದುರುನೋಡು ಎಂಬ ಅರ್ಥವೂ ಉಂಟು. ಹೊಲ ಕಾಯುವುದೂ ಮಳೆಗೆ ಕಾಯುವುದೂ ಒಂದೇ ಮಾತಿನಲ್ಲಿ ನಡೆಯುವ ಭಾಷೆಗೆ ದೀರ್ಘಕಾಲವನ್ನು ವಿಶೇಷಣವಾಗಿ ಅಂಟಿಸುವ ಅಗತ್ಯ ಕಡಿಮೆ. ಆದರೆ ‘ಕಾಯ್ದುಕೊಳ್ಳು’ ಬೇಡ. ಅಂತರ ಕಾಯ್ದುಕೊಳ್ಳುವುದು, ಸ್ಥಾನ ಕಾಯ್ದುಕೊಳ್ಳುವುದು ಎಂಬಲ್ಲೆಲ್ಲ ‘ಕೊಳ್’ ಫಲವನ್ನು ಕರ್ತೃವಿಗೇ ತಿರುಗಿಸುತ್ತದೆ. ನಿರ್ಧಾರವೊಂದನ್ನು ಏಳನೆಯ ತಲೆಮಾರಿನ ಹಿತಕ್ಕೆ ಹಿಡಿದು ತೂಗಬೇಕೆನ್ನುವ, ಉತ್ತರ ಅಮೆರಿಕದ ಹೌಡೆನೊಸೌನಿ ಜನರ ವಿಚಾರಕ್ಕೆ ‘ಕೊಡು’ ಬೇಕು. ಆದಕಾರಣ ‘ಕಾಯ್ದುಕೊಡುವ ಹೊಣೆ’ ಎಂಬುದು ನನ್ನ ಸೂಚನೆ.

ಅರಿಸಮಾಸದ ಆಕ್ಷೇಪಕ್ಕೆ ನಾನು ಬೆಲೆ ಕೊಡುವುದಿಲ್ಲ. ಪೂರ್ವಕವಿಗಳ ಪ್ರಯೋಗಕ್ಕೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ, ಮೇಲಾಗಿ ಇಂದಿನ ಬರವಣಿಗೆ ಆ ಗೆರೆಯನ್ನು ಎಂದೋ ದಾಟಿದೆ. ‘ಪಾಲನಾಹೊಣೆ’ಯ ಕೊರತೆ ಪದಶುದ್ಧಿಯದಲ್ಲ, ಯಾರಿಗಾಗಿ ಪಾಲನೆ ಎಂಬುದನ್ನು ಅದು ಹೇಳುವುದಿಲ್ಲ. ‘ಪಾಲನಾ’ ಸಂಸ್ಕೃತದ ಎರವಲು ಎಂಬ ಕಾರಣಕ್ಕೆ ಪದವನ್ನು ಬಿಡುವುದಾದರೆ ಪಾರಸಿಯಿಂದ ಬಂದ ‘ಉಸ್ತುವಾರಿ’ಯನ್ನೂ ಬಿಡಬೇಕಾದೀತು, ಅದು ಆಗದ ಮಾತು. ಗಾಂಧೀಜಿಯವರ ‘ಟ್ರಸ್ಟೀಶಿಪ್’ ವಿಚಾರಕ್ಕೆ ಬಳಕೆಯಾಗುವ ‘ಧರ್ಮದರ್ಶಿತ್ವ’ ಘನವಾದ ಪದವೇ ಆದರೂ ಅದರ ಹಿಂದೆ ಸ್ವತ್ತಿನ ಕಲ್ಪನೆಯಿದೆ, ಇಲ್ಲಿ ನದಿ ಸ್ವತ್ತೇ ಅಲ್ಲ. ಇನ್ನು ‘ಮೂಲನಿವಾಸಿ’ಯ ಬದಲು ‘ದೇಶೀಯ ಮೌಲ್ಯಗಳು’ ಎಂದು ಯಾರಾದರೂ ಸೂಚಿಸಿದರೆ ದಯವಿಟ್ಟು ಕಿವಿಗೊಡಬೇಡಿ, ‘ದೇಶೀಯ’ ಎಂದರೆ ದೇಶದೊಳಗಿನದು ಎಂದಷ್ಟೇ ಆಗುತ್ತದೆ.

ನಿಮ್ಮ ವಾಕ್ಯ ಹೀಗಿರಬಹುದು: ‘ನೆಲ, ನೀರು, ಕಾಡುಗಳನ್ನು ಮುಂದಿನ ತಲೆಮಾರುಗಳಿಗೆ ಕಾಯ್ದುಕೊಡುವ ಹೊಣೆ ನಿರ್ದೇಶಕ ಮಂಡಳಿಯದು.’ ಕರಡು ತಿದ್ದುವವರು ಅಭ್ಯಾಸಬಲದಿಂದ ಅದನ್ನು ‘ಕಾಯ್ದುಕೊಳ್ಳುವ’ ಎಂದು ಬದಲಿಸುವ ಸಾಧ್ಯತೆ ಇದೆ. ಅಚ್ಚಿಗೆ ಕಳುಹಿಸುವ ಮುನ್ನ ಆ ಪುಟವನ್ನು ನೀವೇ ಒಮ್ಮೆ ನೋಡಿ.