ಗಂಗಾವತಿಯಿಂದ ಕರಾವಳಿಗೆ: ಬೀಚು ಬಿಟ್ಟು ಹಳೇ ಜಾಗ ಯಾವುದು ನೋಡೋಣ?

ಭತ್ತದ_ಗಂಗಾವತಿ:

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಗವಿಮಠದ ಜಾತ್ರೆ ಮುಗಿದ ಮೇಲೆ, ಅಂದ್ರೆ ಜನವರಿ ಕೊನೆಗೆ, ಮನೆಮಂದಿಯೆಲ್ಲ ಕರಾವಳಿ ಕಡೆ ಹೋಗೋಣ ಅಂತಿದ್ದೇವೆ. ನಾನು, ಹೆಂಡತಿ, ಹೈಸ್ಕೂಲು ಓದುವ ಇಬ್ಬರು ಮಕ್ಕಳು, ಜೊತೆಗೆ ಅವ್ವ. ಅವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಜಾಸ್ತಿ ಆಗಲ್ಲ. ಕಾರು ನಮ್ಮದೇ. ನಾಲ್ಕೈದು ದಿನ ಸಿಗುತ್ತೆ.

ಯಾರನ್ನ ಕೇಳಿದ್ರೂ ಮುರುಡೇಶ್ವರ, ಗೋಕರ್ಣ, ಮಲ್ಪೆ, ಇವೇ ಮೂರು ಹೆಸರು. ಅವನ್ನೂ ನೋಡೋಣ, ಬೇಡ ಅನ್ನಲ್ಲ. ಆದ್ರೆ ದೊಡ್ಡ ಮಗಳಿಗೆ ಇತಿಹಾಸದ ಹುಚ್ಚು. ಆನೆಗೊಂದಿ, ಹಂಪಿ ಸುತ್ತಿ ಸುತ್ತಿ ಬೆಳೆದವಳು, "ಅಪ್ಪಾ ಅಲ್ಲಿ ಸಮುದ್ರ ಬಿಟ್ಟು ಇನ್ನೇನಿದೆ?" ಅಂತ ಕೇಳ್ತಾಳೆ. ಹಂಪಿ ನೋಡಿದ ಕಣ್ಣಿಗೆ ಅಲ್ಲಿನ ಕೋಟೆ, ಬಸದಿ ಎಲ್ಲ ಸಪ್ಪೆ ಅನಿಸುತ್ತಾ? ನೋಡಿ ಬಂದವರು ಇದ್ರೆ ಹೇಳಿ. ಸುಮ್ನೆ ಪಟ್ಟಿ ಕೊಡಬೇಡಿ, ಯಾಕೆ ನೋಡಬೇಕು ಅನ್ನೋದನ್ನೂ ಬರೀರಿ.

ಮಸ್ಕಿ_ಮೇಷ್ಟ್ರು:

ಸಪ್ಪೆ ಅನಿಸಲ್ಲ ಸರ್. ಹೊರಡೋ ಮುಂಚೆ ಮಗಳನ್ನ ಇನ್ನೊಂದು ಸಲ ಹಂಪಿಯ ಹಜಾರರಾಮ ಗುಡಿಗೆ ಕರೆದುಕೊಂಡು ಹೋಗಿ. ಹೊರಗಿನ ಪ್ರಾಕಾರದ ಗೋಡೆ ಮೇಲೆ ಆನೆ, ಕುದುರೆ, ಕಾಲಾಳು, ಕುಣಿಯೋ ಹೆಂಗಸರು ಸಾಲುಸಾಲಾಗಿ ಇದ್ದಾರಲ್ವಾ, ಆ ಕುದುರೆ ಎಲ್ಲಿಂದ ಬಂದವು ಅಂತ ಕೇಳಿ ನೋಡಿ. ಅರಬರ ನಾಡಿನಿಂದ, ಹೋರ್ಮುಜ್ ಕಡೆಯಿಂದ ಹಡಗು ಹತ್ತಿ ಭಟ್ಕಳದಂಥ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ ನಮ್ಮ ಬಯಲಿಗೆ ಬಂದಂಥವು. ಒಳ್ಳೆ ಕುದುರೆ ಇಲ್ಲದೆ ಆಗ ಯುದ್ಧವೇ ಇಲ್ಲ. ಅದಕ್ಕೇ ವಿಜಯನಗರದವರು ಬಾರ್ಕೂರಿನಲ್ಲೊಬ್ಬ, ಮಂಗಳೂರಿನಲ್ಲೊಬ್ಬ ಅಧಿಕಾರಿ ಇಟ್ಟು ಕರಾವಳಿ ಕೈಬಿಡದ ಹಾಗೆ ನೋಡಿಕೊಂಡರು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಹಂಪಿಗೆ ಬಂದದ್ದೂ ಹಾಗೇ, ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ, ಅಲ್ಲಿಂದ ನೆಲದ ಹಾದಿ ಹಿಡಿದು.

ನೀವು ಗುತ್ತಿ–ಅಂಕೋಲಾ ರಸ್ತೆ ಹಿಡೀರಿ. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಆಮೇಲೆ ಅರಬೈಲ್ ಘಟ್ಟ ಇಳಿದ್ರೆ ಅಂಕೋಲಾ. ನಿಮ್ಮೂರಿಂದ ಹತ್ತಿರ ಹತ್ತಿರ 300 ಕಿಲೋಮೀಟರ್. ಅಲ್ಲಿಂದ ಕುಮಟಾ ಕಡೆ ಹೊರಟರೆ ದಾರಿಯಲ್ಲೇ ಮಿರ್ಜಾನ್ ಕೋಟೆ ಸಿಗುತ್ತೆ, ಹೆದ್ದಾರಿಯಿಂದ ದೂರ ಏನಿಲ್ಲ. ಗೇರುಸೊಪ್ಪೆ ರಾಣಿ ಚೆನ್ನಭೈರಾದೇವಿಯ ಕೋಟೆ. ಪೋರ್ಚುಗೀಸರು ಅವಳನ್ನ ಕಾಳುಮೆಣಸಿನ ರಾಣಿ ಅಂತಿದ್ದರು. 1552ರಿಂದ 1606ರವರೆಗೆ ಆಳಿದಳು. ಲೆಕ್ಕ ಹಾಕಿ, 1565ರಲ್ಲಿ ನಮ್ಮ ಹಂಪಿ ಹಾಳಾಯ್ತು, ಇವಳು ಆಮೇಲೂ 40 ವರ್ಷ ಗದ್ದುಗೆ ಬಿಡಲಿಲ್ಲ! ಕೊನೆಗೆ ಸೋಲಿಸಿದವರು ಪೋರ್ಚುಗೀಸರಲ್ಲ, ಕೆಳದಿಯವರು. ಕೋಟೆ ಒಳಗೆ ಶಿಲ್ಪಗಿಲ್ಪ ಅಂತ ಹುಡುಕಬೇಡಿ, ಎಲ್ಲ ಕೆಂಪು ಜಂಬಿಟ್ಟಿಗೆ ಕಲ್ಲು. ದಪ್ಪ ಗೋಡೆ, ಸುತ್ತ ಕಂದಕ, ದೊಡ್ಡ ಬಾವಿಗಳು.

ಮುರುಡೇಶ್ವರಕ್ಕೆ ಹೇಗೂ ಹೋಗ್ತೀರಿ. ಅದು ಭಟ್ಕಳ ತಾಲೂಕಿನಲ್ಲೇ ಇದೆ. 123 ಅಡಿ ಶಿವನ ಮುಂದೆ ಫೋಟೊ ಹೊಡೆದುಕೊಂಡು ಮನೆಗೆ ಬರೋರೇ ಜಾಸ್ತಿ. ನೀವು ಭಟ್ಕಳದ ಒಳಗೂ ಹೋಗಿ, ಖೇತಪೈ ನಾರಾಯಣ ದೇವಸ್ಥಾನ ನೋಡಿ. 16ನೇ ಶತಮಾನದ್ದು, ವ್ಯಾಪಾರಿಯೊಬ್ಬ ಕಟ್ಟಿಸಿದ್ದು. ಅದರ ಕಲ್ಲಿನ ಗೋಡೆ ಮರದ ಜಾಲರಿ ಇದ್ದ ಹಾಗಿದೆ. ರಾಮಾಯಣದ ಸಣ್ಣ ಸಣ್ಣ ಕೆತ್ತನೆ ಇವೆ, ಕೂತು ನೋಡಬೇಕು.

ಕುಂದಾಪ್ರ_ಈಗ_ತೋರಣಗಲ್ಲು:

ಮೇಷ್ಟ್ರೇ ನೀವು ಹೇಳಿದ್ದೆಲ್ಲ ಸರಿ, ಆದ್ರೆ ನಮ್ಮೂರನ್ನ ಹಂಪಿಯ ಹಿಂಬಾಗಿಲು ಮಾಡಿಬಿಟ್ಟಿರಲ್ಲ 😄 ವಿಜಯನಗರ ಹುಟ್ಟೋದಕ್ಕೆ ಎಷ್ಟೋ ಶತಮಾನ ಮೊದಲೇ ಅಲ್ಲಿ ಅಳುಪರು ಅನ್ನೋ ರಾಜವಂಶದವರು ಆಳುತ್ತಿದ್ದರು. ಮಂಗಳೂರಿನ ಕದ್ರಿ ದೇವಸ್ಥಾನಕ್ಕೆ ಹೋದ್ರೆ ಲೋಕೇಶ್ವರನ ಕಂಚಿನ ಮೂರ್ತಿ ನೋಡದೆ ಬರಬೇಡಿ. 968ರಲ್ಲಿ ಅಳುಪರ ಕುಂದವರ್ಮ ಮಾಡಿಸಿದ್ದು. ಮೂರು ಮುಖ, ಆರು ಕೈ, ಕಂಚಿನಲ್ಲಿ ಅಷ್ಟು ನಯದ ಕೆಲಸ ನಾನಂತೂ ಬೇರೆಲ್ಲೂ ನೋಡಿಲ್ಲ. ಅದರಲ್ಲೂ ಅದು ಬೌದ್ಧರ ಮೂರ್ತಿ, ಇವತ್ತು ಶಿವನ ಗುಡಿಯಲ್ಲಿದೆ.

ನಿಮಗೆ ಒಂದೇ ಜಾಗ ಹೇಳು ಅಂದ್ರೆ ಮೂಡುಬಿದಿರೆ ಅಂತೀನಿ. ಮಂಗಳೂರಿಂದ ಸುಮಾರು 35 ಕಿಲೋಮೀಟರ್. ಸಾವಿರ ಕಂಬದ ಬಸದಿ 1430ರದ್ದು, ಅಂದ್ರೆ ಹಂಪಿಯಲ್ಲಿ ಇಮ್ಮಡಿ ದೇವರಾಯ ಇದ್ದಾಗಿನದು. ಹಂಪಿಯಲ್ಲಿ ಗುಡಿ ಮಾಳಿಗೆ ಚಪ್ಪಟೆ ಇರುತ್ತೆ ಅಲ್ವಾ? ಬಳ್ಳಾರಿ ಸೀಮೆಯಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ನಡೆಯುತ್ತೆ. ನಮ್ಮಲ್ಲಿ 3000 ದಾಟುತ್ತೆ. ಅದಕ್ಕೇ ಅಲ್ಲಿ ಮಾಡು, ಅಂದ್ರೆ ಛಾವಣಿ, ಇಳಿಜಾರು. ಭಟ್ಕಳದ ಗುಡಿಗಳಲ್ಲಿ ಕಲ್ಲು ಚಪ್ಪಡಿಯನ್ನೇ ಹಾಗೆ ಓರೆಯಾಗಿ ಹೊದಿಸಿದ್ದಾರೆ, ಹೆಂಚು ಹೊದಿಸಿದ ಮನೆ ಥರ. ಮಗಳಿಗೆ ಇದನ್ನ ತೋರಿಸಿ, ಖುಷಿಪಡ್ತಾಳೆ. ಬಸದಿ ಒಳಗೆ ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಮಕ್ಕಳಿಗೆ ಎರಡು ಒಂದೇ ಥರದ್ದು ಹುಡುಕಿ ಅಂತ ಬಿಡಿ, ಅರ್ಧ ಗಂಟೆ ನಿಮಗೆ ಆರಾಮ. ಜೈನರ ಹಳೇ ಧರ್ಮಗ್ರಂಥಗಳಾದ ಧವಳ, ಜಯಧವಳದ ಓಲೆಗರಿಗಳನ್ನ ಮೂಡುಬಿದಿರೆಯಲ್ಲೇ ಶತಮಾನಗಟ್ಟಲೆ ಕಾಪಾಡಿಕೊಂಡು ಬಂದದ್ದು.

ಕಾರ್ಕಳ ಅಲ್ಲಿಂದ ಸುಮಾರು 20 ಕಿಲೋಮೀಟರ್. 42 ಅಡಿ ಗೊಮ್ಮಟ, 1432ರದ್ದು. ಎದುರು ಗುಡ್ಡದಲ್ಲಿ ಚತುರ್ಮುಖ ಬಸದಿ, 1586ರದ್ದು, ನಾಲ್ಕು ದಿಕ್ಕಿಗೂ ಬಾಗಿಲು. ಎರಡೂ ಕಡೆ ಏರು ಇದೆ. ಅಮ್ಮನಿಗೆ ಮೂಡುಬಿದಿರೆ ಸಾಕು, ಕಾರ್ಕಳದಲ್ಲಿ ಅವರು ಕೆಳಗೇ ಕೂರಲಿ. ನೀವು ಬೆಳಗ್ಗೆ ಬೇಗ ಹತ್ತಿ. ಬಿಸಿಲೇರಿದ ಮೇಲೆ ಬರಿಗಾಲಲ್ಲಿ ಆ ಬಂಡೆ ಮೇಲೆ ನಿಲ್ಲೋಕಾಗಲ್ಲ.

ಭತ್ತದ_ಗಂಗಾವತಿ:

ಇಬ್ಬರಿಗೂ ಶರಣು. ಕುದುರೆ ಕಥೆ ಮಗಳಿಗೆ ಓದಿ ಹೇಳಿದೆ, ಆಗಲೇ ನಕ್ಷೆ ಬರೆಯೋಕೆ ಕೂತಿದ್ದಾಳೆ. ಇನ್ನು ಎರಡು ಪ್ರಶ್ನೆ. ಅವ್ವನಿಗೆ ರೊಟ್ಟಿ ಇಲ್ಲದಿದ್ರೆ ಊಟ ಮಾಡಿದ ಹಾಗೇ ಆಗಲ್ಲ, ಏನು ಮಾಡೋದು? ಆಮೇಲೆ ಕಾಸರಗೋಡಿನ ಬೇಕಲ ಕೋಟೆಯವರೆಗೂ ಹೋಗಬಹುದಾ?

ಕೌಲ್‌ಬಜಾರ್_ಅಕ್ಕ:

ರೊಟ್ಟಿ ಮನೆಯಿಂದಲೇ ಕಟ್ಟಿಕೊಂಡು ಹೋಗಿ ತಮ್ಮಾ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆಂಪು ಚಟ್ನಿ. ಆದ್ರೆ ಅಲ್ಲಿನ ಗಾಳಿಗೆ ರೊಟ್ಟಿ ಬೇಗ ಮೆತ್ತಗಾಗುತ್ತೆ, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ನಿಮ್ಮ ಸೋನಾ ಮಸೂರಿ ಊರಿನವರಿಗೆ ಅಲ್ಲಿನ ಕುಚ್ಚಲಕ್ಕಿ ಅನ್ನ ಮೊದಲ ದಿನ ಸೇರಲ್ಲ. ಗಂಜಿ ಮಾಡಿ ಉಪ್ಪಿನಕಾಯಿ ಜೊತೆ ಕೊಡಿ, ಅವ್ವನಿಗೆ ಇಷ್ಟ ಆಗಬಹುದು.

ಒಂದು ಮಾತು. ಟ್ರಾವೆಲ್ಸ್‌ನವರ ಪ್ಯಾಕೇಜ್ ತಗೋಬೇಡಿ, ಕಾರಿದೆ ಅಂದಿರಿ, ಒಳ್ಳೇದಾಯ್ತು. ನಾವು ಒಬ್ಬರ ಜೊತೆ ಹೋದಾಗ ಪ್ರತಿ ಕಡೆ "ಇಪ್ಪತ್ತೇ ನಿಮಿಷ ಅಮ್ಮಾ" ಅಂತ ಹಾರ್ನ್ ಹೊಡೆದು ಹೊಡೆದು ತಲೆ ಕೆಡಿಸಿದ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಂತೂ ಕತ್ತೆತ್ತಿ ನೋಡೋದರೊಳಗೆ ಹೊರಗೆ ಕರೆದ. ಅಲ್ಲಿ ಗೋಡೆ, ಛಾವಣಿ ತುಂಬ ಚಿತ್ರ. ಇಟಲಿಯ ಆಂಟೋನಿಯೊ ಮೊಸ್ಕೆನಿ 1900ರ ಸುಮಾರಿಗೆ ಬರೆದದ್ದು. ಕಡಿಮೆ ಅಂದ್ರೂ ಒಂದು ಗಂಟೆ ಬೇಕು.

ಬಳ್ಳಾರಿಯವರು ಯಾರೂ ಹೇಳಲಿಲ್ಲ ಅಂತ ಹೇಳ್ತೀನಿ, ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಅಲ್ಲೇ ಶುರುವಾದದ್ದು, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ತಂದದ್ದು. ಮರುವರ್ಷ ಅದು ನಮ್ಮ ಬಳ್ಳಾರಿಗೆ ಬಂತು, ಕನ್ನಡ ಸಮಾಚಾರ ಅಂತ ಹೆಸರು ಬದಲಾಯಿಸಿಕೊಂಡು! ಅಲ್ಲಿ ಕಲ್ಲಚ್ಚು, ಇಲ್ಲಿ ಮೊಳೆಯಚ್ಚು. ಮಂಗಳೂರಲ್ಲಿ ಆ ಮಿಶನ್ನಿನವರಿದ್ದ ಬಲ್ಮಠದ ಕಡೆ ಹೋದ್ರೆ ಮಕ್ಕಳಿಗೆ ಹೇಳಿ.

ಕೋಟೆ_ಕೆಳಗಿನ_ಕೊಪ್ಪಳ:

ಮಣಿಪಾಲದ ಹೆರಿಟೇಜ್ ವಿಲೇಜ್ ಯಾರೂ ಹೇಳಲಿಲ್ವಲ್ಲ. ಕೆಡವೋಕೆ ಹೊರಟಿದ್ದ ಹಳೇ ಮನೆಗಳನ್ನ ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಜಾಗ. ನಮ್ಮ ಕುಕನೂರಿನ ಕಮಲ ಮಹಲ್ ಅಲ್ಲಿದೆ ರೀ! ಕೊಪ್ಪಳ ಜಿಲ್ಲೆಯ ಮಹಲು ನೋಡೋಕೆ ಮಣಿಪಾಲಕ್ಕೆ ಹೋಗಬೇಕು. ನನಗೆ ಇದರ ಬಗ್ಗೆ ಸ್ವಲ್ಪ ಹೊಟ್ಟೆ ಉರಿಯೇ. ಆದ್ರೆ ಇಲ್ಲೇ ಇದ್ದಿದ್ರೆ ತೊಲೆ ಕಂಬ ಎಲ್ಲ ಎಲ್ಲೆಲ್ಲಿಗೆ ಹೋಗ್ತಿದ್ವೋ. ಮೊದಲೇ ಫೋನ್ ಮಾಡಿ ಸಮಯ ಕೇಳಿಕೊಂಡು ಹೋಗಿ, ಸುಮ್ನೆ ನುಗ್ಗೋಕೆ ಬಿಡಲ್ಲ.

ಕುಂದಾಪ್ರ_ಈಗ_ತೋರಣಗಲ್ಲು:

ಬೇಕಲ ಈ ಸಲ ಬಿಡಿ ಅಣ್ಣಾ. ಕೋಟೆ ಚೆಂದ ಇದೆ, ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ್ದು, ಸಮುದ್ರಕ್ಕೇ ಚಾಚಿಕೊಂಡಿದೆ. ಆದ್ರೆ ಅಂಕೋಲಾದಿಂದ ಇಳಿದು ಕಾಸರಗೋಡು ಮುಟ್ಟೋ ಹೊತ್ತಿಗೆ ನಿಮ್ಮ ದಿನ ಎಲ್ಲ ಕಾರಲ್ಲೇ ಮುಗಿಯುತ್ತೆ, ಅಮ್ಮನ ಕಾಲು ಊದುತ್ತೆ. ಅದರ ಬದಲು ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬನ್ನಿ. ಮಳೆಗಾಲದಲ್ಲಿ ದೋಣಿ ಬಿಡಲ್ಲ, ಜನವರಿಗೆ ತೊಂದರೆ ಇಲ್ಲ. ಅಲ್ಲಿನ ಕಲ್ಲುಕಂಬ ಯಾವ ರಾಜನೂ ಕಡೆಸಿದ್ದಲ್ಲ. ಸುಮಾರು 88 ಮಿಲಿಯನ್ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗೋ ಕಾಲಕ್ಕೆ ಲಾವಾ ಆರಿ ಹಾಗೆ ಸೀಳಿಕೊಂಡದ್ದು. ದೋಣಿ ಹತ್ತಿ ಇಳಿಯೋವಾಗ ಸ್ವಲ್ಪ ತೂಗುತ್ತೆ. ಅಮ್ಮನಿಗೆ ಆಗಲ್ಲ ಅನಿಸಿದ್ರೆ ಒಬ್ಬರು ಅವರ ಜೊತೆ ಮಲ್ಪೆ ದಡದಲ್ಲೇ ಇರಿ.