ಇಬ್ಬರ ತಂಡ, ಒಂದು ಆಟ: ಮೊಬೈಲ್‌ಗೋ, ಕನ್ಸೋಲ್‌ಗೋ?

ಪಿಕ್ಸೆಲ್ ಪ್ರಿಯ: ನಾವಿಬ್ಬರು ಸೇರಿ ಆಟ ಕಟ್ಟುವ ತಂತ್ರಾಂಶವಾದ ಗೊಡೊ ಎಂಜಿನ್‌ನಲ್ಲಿ ಒಂದು ಪ್ಲಾಟ್‌ಫಾರ್ಮರ್, ಅಂದರೆ ಜಿಗಿಯುತ್ತಾ ಅಡೆತಡೆ ದಾಟುವ ಆಟ ಮಾಡುತ್ತಿದ್ದೇವೆ. ಗೋಡೆಯಿಂದ ಗೋಡೆಗೆ ಜಿಗಿಯುವುದು, ಗಾಳಿಯಲ್ಲೇ ದಿಕ್ಕು ಬದಲಿಸುವುದು ಇದರ ಜೀವಾಳ. ಕೈಯಲ್ಲಿರುವ ಹಣ ಒಂದು ಕಡೆಗಷ್ಟೇ ಸಾಲುತ್ತದೆ. ಮೊದಲು ಎಲ್ಲಿಗೆ ತರಬೇಕು, ಮೊಬೈಲ್‌ಗೋ, ನಿಂಟೆಂಡೊ ಸ್ವಿಚ್‌ನಂಥ ಕನ್ಸೋಲ್‌ಗೋ (ಆಟಕ್ಕೆಂದೇ ಇರುವ ಯಂತ್ರ)?

ಗುಬ್ಬಚ್ಚಿ: ಮೊಬೈಲ್‌ಗೆ, ಎರಡನೆಯ ಯೋಚನೆಯೇ ಬೇಡ. ಗೂಗಲ್ ಪ್ಲೇ ಖಾತೆಗೆ ಒಮ್ಮೆ 25 ಡಾಲರ್, ಆಪಲ್‌ಗೆ ವರ್ಷಕ್ಕೆ 99 ಡಾಲರ್. ವರ್ಷಕ್ಕೆ ಹತ್ತು ಲಕ್ಷ ಡಾಲರ್ ಗಳಿಕೆಯವರೆಗೆ ಎರಡೂ ಕಡೆ ಶೇ 15ರ ಕಮಿಷನ್ ಸೌಲಭ್ಯ 2021ರಿಂದ ಇದೆ. ಕನ್ಸೋಲ್‌ನಲ್ಲಾದರೆ ಮೊದಲು ಅರ್ಜಿ, ಗೌಪ್ಯತೆಯ ಒಪ್ಪಂದ, ಡೆವ್‌ಕಿಟ್ ಎಂಬ ಪರೀಕ್ಷಾ ಯಂತ್ರ, ಆಮೇಲೆ ಕನ್ಸೋಲ್ ಕಂಪನಿ ಆಟವನ್ನು ಪರೀಕ್ಷಿಸಿ ಒಪ್ಪುವ ಸರ್ಟಿಫಿಕೇಶನ್. ಅಷ್ಟರಲ್ಲಿ ಹಣ ಕರಗಿಹೋಗಿರುತ್ತದೆ.

ನಿಶಾಚರ: ಒಳಗೆ ಹೋಗುವ ಖರ್ಚು ಹೇಳಿದಿರಿ, ಒಳಗಿದ್ದು ಬಾಳುವ ಖರ್ಚು? 2017ರಲ್ಲಿ ಐಫೋನ್ ನಡೆಸುವ ತಂತ್ರಾಂಶ ಐಒಎಸ್ 11 ಬಂದಾಗ 32 ಬಿಟ್‌ನ, ಅಂದರೆ ಹಳೆಯ ಬಗೆಯ ಪ್ರೊಸೆಸರ್‌ಗೆ ಬರೆದ ಆಟಗಳೆಲ್ಲ ಒಮ್ಮೆಲೇ ನಿಂತವು. ಗೂಗಲ್ ಪ್ಲೇ ಟಾರ್ಗೆಟ್ ಎಪಿಐ ಮಟ್ಟವನ್ನು (ಆಟ ಯಾವ ಆಂಡ್ರಾಯ್ಡ್ ಆವೃತ್ತಿಗೆ ಹೊಂದಿಕೊಂಡಿರಬೇಕು ಎಂಬುದನ್ನು) ವರ್ಷ ವರ್ಷವೂ ಏರಿಸುತ್ತದೆ. ಅಪ್‌ಡೇಟ್ ಮಾಡದೆ ಸುಮ್ಮನಿದ್ದರೆ ಹೊಸ ಫೋನ್ ಕೊಂಡವರಿಗೆ ನಿಮ್ಮ ಆಟ ಹುಡುಕಿದರೂ ಸಿಗುವುದಿಲ್ಲ. 2017ರಲ್ಲಿ ಸ್ವಿಚ್‌ಗೆ ಬಂದ ಆಟ ಅದೇ ಸ್ವಿಚ್‌ನಲ್ಲಿ ಇಂದಿಗೂ ಓಡುತ್ತದೆ. ಇಬ್ಬರೇ ಇರುವ ತಂಡಕ್ಕೆ ಇದು ಸಣ್ಣ ಮಾತಲ್ಲ.

ಗುಬ್ಬಚ್ಚಿ: ಸ್ಟಾರ್‌ಡ್ಯೂ ವ್ಯಾಲಿ ಒಬ್ಬರೇ ಕಟ್ಟಿದ ಆಟ. ಐಫೋನ್‌ನಲ್ಲೂ ದುಡ್ಡು ಕೊಟ್ಟು ಕೊಳ್ಳುವ ಆಟವಾಗಿಯೇ ಬಂತಲ್ಲ?

ನಿಶಾಚರ: ಬಂದದ್ದು 2018ರಲ್ಲಿ. ಅದಕ್ಕೂ ಮೊದಲೇ ಪಿಸಿಯಲ್ಲಿ, ಕನ್ಸೋಲ್‌ಗಳಲ್ಲಿ ಹೆಸರು ಗಳಿಸಿತ್ತು. ಆಲ್ಟೋಸ್ ಅಡ್ವೆಂಚರ್ ನೋಡಿ: 2015ರಲ್ಲಿ ಐಒಎಸ್‌ನಲ್ಲಿ ಹಣಕ್ಕೆ ಮಾರಿದರು, 2016ರಲ್ಲಿ ಆಂಡ್ರಾಯ್ಡ್‌ಗೆ ಉಚಿತವಾಗಿಯೇ ಕೊಟ್ಟರು. ಉಚಿತವೆಂದರೆ ಜಾಹೀರಾತು. ಜಿಗಿತದ ಲಯದಲ್ಲಿ ಮೈಮರೆತಿರುವವನ ಮುಂದೆ ಜಾಹೀರಾತು ತೆರೆದರೆ ಆಟವೇ ಸತ್ತಂತೆ.

ರಾತ್ರಿರಾಣಿ: ಹಣದ ಲೆಕ್ಕಕ್ಕಿಂತ ಮೊದಲು ಹೆಬ್ಬೆರಳನ್ನು ಗಮನಿಸಿ. ಪರದೆಯ ಮೇಲಿನ ಗುಂಡಿಗೆ ಅಂಚಿಲ್ಲ. ಆಡುತ್ತಾ ಆಡುತ್ತಾ ಬೆರಳು ತನಗರಿವಿಲ್ಲದೆ ಪಕ್ಕಕ್ಕೆ ಸರಿಯುತ್ತದೆ, ಜಿಗಿಯಲು ಒತ್ತಿದ್ದು ಆಟಕ್ಕೆ ತಲುಪುವುದೇ ಇಲ್ಲ. ಮೂಲೆಯಲ್ಲಿರುವ ಮುಳ್ಳುಗಳನ್ನೂ ಅದೇ ಬೆರಳು ಮುಚ್ಚಿರುತ್ತದೆ. ಆಡುವವನು ಬೈಯುವುದು ಫೋನನ್ನಲ್ಲ, ನಿಮ್ಮ ಆಟವನ್ನು. ಫೋನ್‌ಗೆ ಕಂಟ್ರೋಲರ್ ಜೋಡಿಸಬಹುದು, ನಿಜ. ಆದರೆ ಬಸ್ಸಿನಲ್ಲಿ ನಿಂತು ಆಡುವವರು ಅದನ್ನು ಹೊತ್ತು ತಿರುಗುವುದಿಲ್ಲ.

ಹಾಗೆಂದು ಕನ್ಸೋಲ್ ಸಲೀಸಲ್ಲ. ಅವುಗಳಿಗೆ ಆಟ ಕಟ್ಟುವ ತಂತ್ರಾಂಶ ಸಾಧನಗಳಾದ ಎಸ್‌ಡಿಕೆಗಳು ಗೌಪ್ಯ ಒಪ್ಪಂದದಡಿ ಇರುವುದರಿಂದ, ಮುಕ್ತ ತಂತ್ರಾಂಶವಾದ ಗೊಡೊ ಆ ಕೋಡನ್ನು ತನ್ನೊಳಗೆ ಸೇರಿಸಿ ಹಂಚುವಂತಿಲ್ಲ. ಪೋರ್ಟ್ ಮಾಡುವ, ಅಂದರೆ ಆಟವನ್ನು ಕನ್ಸೋಲ್‌ಗೆ ಹೊಂದಿಸಿಕೊಡುವ ಸಂಸ್ಥೆಯೊಂದನ್ನು ಹಿಡಿಯಬೇಕಾಗಬಹುದು.

ಗುಬ್ಬಚ್ಚಿ: ಅದು ನನ್ನ ಮಾತಿಗೇ ಬಲ! ಇರುವ ದುಡ್ಡೆಲ್ಲ ಪೋರ್ಟ್‌ಗೇ ಹೋದರೆ ಆಟ ಮುಗಿಸುವುದು ಹೇಗೆ?

ರಾತ್ರಿರಾಣಿ: ಆ ಭಯ ನನಗೂ ಇದೆ. ಆದರೂ ಜಿಗಿತವೇ ಜೀವಾಳವೆಂದು ಅವರೇ ಹೇಳಿರುವಾಗ, ಅದು ಸೊರಗುವ ಕಡೆ ಮೊದಲು ಬಿಡುಗಡೆ ಮಾಡಿ ಎನ್ನಲಾರೆ. ಪ್ರಿಯ ಅವರೇ, ಕಂಟ್ರೋಲರ್ ಸಂಪರ್ಕ ತಪ್ಪಿದರೆ ಆಟ ತಾನಾಗಿ ನಿಲ್ಲಬೇಕು, ನಿದ್ರೆಗೆ ಹೋದ ಯಂತ್ರ ಎದ್ದಾಗ ಬಿಟ್ಟಲ್ಲಿಂದಲೇ ಮುಂದುವರಿಯಬೇಕು. ಸರ್ಟಿಫಿಕೇಶನ್‌ನಲ್ಲಿ ಇಂಥದ್ದನ್ನು ನೋಡುತ್ತಾರೆ. ಕೊನೆಗೆ ತೇಪೆ ಹಚ್ಚದೆ ಈಗಲೇ ಬರೆದುಕೊಳ್ಳಿ, ಪೋರ್ಟ್ ಖರ್ಚೂ ತಗ್ಗುತ್ತದೆ.

ಪಿಕ್ಸೆಲ್ ಪ್ರಿಯ: ಕಂಟ್ರೋಲರ್ ಕಿತ್ತರೂ ನಮ್ಮ ಆಟ ಓಡುತ್ತಲೇ ಇರುತ್ತದೆ, ಇಂದೇ ಸರಿಪಡಿಸುತ್ತೇವೆ. ಮೊದಲ ಹಂತವನ್ನು ಎರಡು ಪೋರ್ಟಿಂಗ್ ಸಂಸ್ಥೆಗಳಿಗೆ ಕಳಿಸಿ ದರ ಕೇಳುತ್ತೇವೆ. ನಮ್ಮ ಕೈಗೆ ಎಟುಕುವಂತಿದ್ದರೆ ಕನ್ಸೋಲ್‌ಗೇ.